ಸದನದೊಳಗಿನ ಮಾತು, ಕೋರ್ಟಿನೆದುರಿನ ಮೌನ



ಅಮೆರಿಕದ ಸಂವಿಧಾನಕ್ಕೆ ರೂಪ ಕೊಟ್ಟ ತೀರ್ಪುಗಳನ್ನು ಕುರಿತು ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಇಂಥ ಮಾತನ್ನು 1803ರ ಮಾರ್ಬರಿ ಮೊಕದ್ದಮೆಯಿಂದ ಶುರು ಮಾಡುವುದು ವಾಡಿಕೆ. ಸಂವಿಧಾನಕ್ಕೆ ಒಗ್ಗದ ಕಾನೂನನ್ನು ಅಸಿಂಧು ಎನ್ನುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಸಾರಿದ್ದು ಆಗ. ಕಾನೂನು ಕಾಲೇಜಿನ ಮಕ್ಕಳು ಅದನ್ನು ಗಿಣಿಪಾಠದಂತೆ ಒಪ್ಪಿಸುತ್ತಾರೆ; ನಾನೂ ಒಪ್ಪಿಸುವುದು ಬೇಡ. ಈ ಹಿಂದೂಪುರದ ಸೀಮೆಯಿಂದಲೇ ಹೊರಟು ಅಮೆರಿಕಕ್ಕೆ ಹೋಗಿಬರೋಣ.

1967ರಲ್ಲಿ ಹಿಂದೂಪುರ ಲೋಕಸಭೆಗೆ ಕಳಿಸಿದ್ದು ನೀಲಂ ಸಂಜೀವ ರೆಡ್ಡಿಯವರನ್ನು. ಅನಂತಪುರ ಜಿಲ್ಲೆಯ ಇಲ್ಲೂರಿನವರು, ಸಂವಿಧಾನ ರಚನಾ ಸಭೆಯಲ್ಲಿ ಕೂತಿದ್ದವರು. ಗೆದ್ದವರೇ ಲೋಕಸಭೆಯ ಸ್ಪೀಕರ್ ಆದರು, ಹತ್ತು ವರ್ಷದ ಮೇಲೆ ರಾಷ್ಟ್ರಪತಿಯಾದರು. ಇಷ್ಟು ಎಲ್ಲರಿಗೂ ಗೊತ್ತು. ಸುಪ್ರೀಂ ಕೋರ್ಟಿನ ಎರಡು ದೊಡ್ಡ ತೀರ್ಪುಗಳು ಅವರನ್ನು ಹಾದು ಹೋಗಿವೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಮೊದಲನೆಯದು ಬಸ್ಸಿನ ಜಗಳ. ಕಲ್ಯಾಣದುರ್ಗದಿಂದ ಪಾವಗಡಕ್ಕೋ ರಾಯದುರ್ಗಕ್ಕೋ ಓಡಾಡುವವರಿಗೆ ಪ್ರೈವೇಟ್ ಬಸ್ಸು, ಸರ್ಕಾರಿ ಬಸ್ಸುಗಳ ಪೈಪೋಟಿಯನ್ನು ಬಿಡಿಸಿ ಹೇಳಬೇಕಿಲ್ಲ. ರೆಡ್ಡಿಯವರು ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದಾಗ ಕರ್ನೂಲು ಜಿಲ್ಲೆಯ ಒಂದು ಭಾಗದ ಬಸ್ ಮಾರ್ಗಗಳನ್ನು ರಾಷ್ಟ್ರೀಕರಣಕ್ಕೆ ಆರಿಸಲಾಯಿತು. ಮುಖ್ಯಮಂತ್ರಿಗಳು ರಾಜಕೀಯ ವಿರೋಧಿಗಳಾದ ನಮ್ಮನ್ನು ಮುಳುಗಿಸಲೆಂದೇ ಈ ಮಾರ್ಗಗಳನ್ನು ಆರಿಸಿದರು ಎಂದು ಬಸ್ಸಿನ ಮಾಲೀಕರು ಕೋರ್ಟಿಗೆ ಹೋದರು. ಅದು ಸಿ.ಎಸ್. ರೌಜಿ ಮೊಕದ್ದಮೆ. ಆರೋಪ ನಿಜವೇ ಎಂದು ಸಾಕ್ಷಿಗಳನ್ನು ಕರೆಸಿ ವಿಚಾರಿಸಿದ್ದಲ್ಲ. ಸುಪ್ರೀಂ ಕೋರ್ಟು ನೋಡಿದ್ದು ಇನ್ನೊಂದನ್ನು: ಆರೋಪ ನೇರವಾಗಿ ಮುಖ್ಯಮಂತ್ರಿಯ ಮೇಲಿದೆ, ಅಲ್ಲವೆನ್ನಬೇಕಾದವರು ಅವರೊಬ್ಬರೇ, ಅವರಿಂದ ಒಂದು ಅಫಿಡವಿಟ್ಟೂ ಬಂದಿಲ್ಲ. ಅಲ್ಲಗಳೆಯದ ಆರೋಪವನ್ನು ಒಪ್ಪದೆ ವಿಧಿಯಿಲ್ಲವೆಂದು ಯೋಜನೆಯನ್ನು ರದ್ದುಮಾಡಿತು. ಆ ತೀರ್ಪಿನ ಬೆನ್ನಲ್ಲೇ, 1964ರ ಫೆಬ್ರವರಿಯಲ್ಲಿ, ರೆಡ್ಡಿಯವರು ರಾಜೀನಾಮೆ ಕೊಟ್ಟರು. ಇಂದಿನವರಾಗಿದ್ದರೆ ಮರುಪರಿಶೀಲನಾ ಅರ್ಜಿ ಹಾಕಿ ಕುರ್ಚಿ ಹಿಡಿದು ಕೂರುತ್ತಿದ್ದರೇನೋ.

ಎರಡನೆಯದು ತೇಜ್ ಕಿರಣ್ ಜೈನ್ ಮೊಕದ್ದಮೆ. 1969ರಲ್ಲಿ ಪಟ್ನಾದ ಸಮ್ಮೇಳನವೊಂದರಲ್ಲಿ ಪುರಿಯ ಶಂಕರಾಚಾರ್ಯರು ಅಸ್ಪೃಶ್ಯತೆಯ ಬಗ್ಗೆ ಆಡಿದ ಮಾತು ಲೋಕಸಭೆಯಲ್ಲಿ ಕೋಲಾಹಲ ಎಬ್ಬಿಸಿತು. ಸದಸ್ಯರು ಸ್ವಾಮಿಗಳನ್ನು ಕಟುವಾಗಿ ಟೀಕಿಸಿದರು. ಭಕ್ತರು ಮಾನನಷ್ಟವಾಯಿತೆಂದು 26,000 ರೂಪಾಯಿ ಪರಿಹಾರ ಕೇಳಿದರು. ಪ್ರತಿವಾದಿಗಳಲ್ಲಿ ಗೃಹಮಂತ್ರಿ ವೈ.ಬಿ. ಚವಾಣರಿದ್ದರು, ಅಷ್ಟರಲ್ಲಿ ಮಾಜಿ ಸ್ಪೀಕರ್ ಆಗಿದ್ದ ರೆಡ್ಡಿಯವರೂ ಇದ್ದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಮುಚ್ಚುಮರೆಯಿಲ್ಲದೆ ಬರೆದರು: ಸಂವಿಧಾನದ 105(2)ನೇ ವಿಧಿಯಲ್ಲಿ ಸದನದಲ್ಲಿ ಆಡಿದ 'ಏನೇ ಆಗಲಿ' ಎಂದಿದ್ದರೆ ಅದು ಎಲ್ಲಕ್ಕೂ ಅನ್ವಯ. ಕಲಾಪದ ಅಂಗವಾಗಿ ಆಡಿದ ಮಾತಿಗೆ ಕೋರ್ಟಿನಲ್ಲಿ ಉತ್ತರ ಕೊಡಬೇಕಿಲ್ಲ. ಅದನ್ನು ಅಂಕೆಯಲ್ಲಿಡಬೇಕಾದದ್ದು ಸದನದ ನಿಯಮಗಳು, ಸದಸ್ಯರ ವಿವೇಕ, ಸ್ಪೀಕರ್. ಶಾಸಕರಿಗೂ 194(2)ನೇ ವಿಧಿಯಲ್ಲಿ ಇದೇ ರಕ್ಷಣೆ ಇದೆ.

ಈ ಎರಡರಲ್ಲಿ ರೌಜಿ ತೀರ್ಪೇ ನನ್ನ ದೃಷ್ಟಿಯಲ್ಲಿ ಹೆಚ್ಚಿನದು. ಸದನದಲ್ಲಿ ಆಡುವ ಮಾತಿಗೆ ಗೋಡೆ ಕಟ್ಟಿಕೊಟ್ಟ ಕೋರ್ಟೇ ಅಧಿಕಾರಸ್ಥನ ಮೌನಕ್ಕೆ ಯಾವ ಗೋಡೆಯನ್ನೂ ಕೊಡಲಿಲ್ಲ. ಆದರೂ ಮುಂದೆ ದೊಡ್ಡ ತಕರಾರಿಗೆ ಬೀಜವಾದದ್ದು ಎರಡನೆಯದು.

ಅಮೆರಿಕದಲ್ಲಿ ಸದನದ ಮಾತಿಗೆ ಈ ರಕ್ಷಣೆ 1787ರ ಸಂವಿಧಾನದ ಮೊದಲ ವಿಧಿಯಲ್ಲೇ ಇದೆ. ಅದರ ಮೂಲ 1689ರ ಇಂಗ್ಲೆಂಡಿನ ಹಕ್ಕುಗಳ ಮಸೂದೆ. ಆದರೆ ಅಲ್ಲಿನ ಕೋರ್ಟು ಬೇಲಿಯನ್ನು ಬಿಗಿಯಾಗಿ ಹಾಕಿತು. 1972ರಲ್ಲಿ ಮೇರಿಲ್ಯಾಂಡಿನ ಮಾಜಿ ಸೆನೆಟರ್ ಬ್ರೂಸ್ಟರ್ ಮೇಲೆ ಲಂಚದ ಆರೋಪ ಬಂದಾಗ, ಲಂಚ ತೆಗೆದುಕೊಳ್ಳುವುದು ಶಾಸನ ಮಾಡುವ ಕೆಲಸದ ಭಾಗವಲ್ಲ, ವಿಚಾರಣೆ ನಡೆಯಲಿ ಎಂದು ಆರು ನ್ಯಾಯಮೂರ್ತಿಗಳು ಹೇಳಿದರು, ಮೂವರು ಒಪ್ಪಲಿಲ್ಲ. 1979ರ ಪ್ರಕರಣ ಇನ್ನೂ ಸ್ವಾರಸ್ಯದ್ದು. ಕೋತಿಗಳ ಸಿಟ್ಟನ್ನು ಅಧ್ಯಯನ ಮಾಡುತ್ತಿದ್ದ ಹಚಿನ್ಸನ್ ಎಂಬ ವಿಜ್ಞಾನಿಯ ಸಂಶೋಧನೆ ಸರ್ಕಾರದ ದುಡ್ಡು ಪೋಲು ಮಾಡುತ್ತಿದೆ ಎಂದು ಸೆನೆಟರ್ ಪ್ರಾಕ್ಸ್‌ಮೈರ್ ಲೇವಡಿ ಮಾಡಿದರು. ಸೆನೆಟಿನಲ್ಲಿ ಆಡಿದರೆ ರಕ್ಷಣೆ. ಅದನ್ನೇ ಪತ್ರಿಕಾ ಹೇಳಿಕೆಯಲ್ಲಿ, ಮತದಾರರಿಗೆ ಕಳಿಸುವ ಪತ್ರದಲ್ಲಿ ಹಂಚಿದರೆ ಇಲ್ಲ ಎಂದಿತು ಕೋರ್ಟು.

ನಮ್ಮಲ್ಲೂ ಆ ಬ್ರೂಸ್ಟರ್ ಮೊಕದ್ದಮೆ ಕಾಲಿಟ್ಟಿತು. 1993ರ ಅವಿಶ್ವಾಸ ನಿರ್ಣಯದಲ್ಲಿ ಪಿ.ವಿ. ನರಸಿಂಹರಾವ್ ಸರ್ಕಾರವನ್ನು ಉಳಿಸಲು ಝಾರ್ಖಂಡ್ ಮುಕ್ತಿ ಮೋರ್ಚಾದ ಸಂಸದರು ಹಣ ಪಡೆದರೆಂಬ ಪ್ರಕರಣ 1998ರಲ್ಲಿ ತೀರ್ಪಿಗೆ ಬಂತು. ಬಹುಮತದ ಮೂವರು ಬ್ರೂಸ್ಟರ್ ತೀರ್ಪಿನ ಅಲ್ಪಮತದ ಕಡೆ ವಾಲಿದರು. ಪರಿಣಾಮ ವಿಚಿತ್ರ: ಹಣ ತೆಗೆದುಕೊಂಡು ಮತ ಹಾಕಿದವರಿಗೆ ರಕ್ಷಣೆ ಸಿಕ್ಕಿತು, ತೆಗೆದುಕೊಂಡರೆಂಬ ಆರೋಪವಿದ್ದೂ ಮತ ಹಾಕದ ಸಂಸದ ಅಜಿತ್ ಸಿಂಗರಿಗೆ ಸಿಗಲಿಲ್ಲ. ಕೊಟ್ಟ ಮಾತಿಗೆ ತಪ್ಪದವನೇ ಪಾರು ಎಂದಂತಾಯಿತು! 2024ರ ಮಾರ್ಚ್ 4ರಂದು ಸೀತಾ ಸೊರೇನ್ ಮೊಕದ್ದಮೆಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಒಮ್ಮತದಿಂದ ಅಳಿಸಿಹಾಕಿತು. ಇಪ್ಪತ್ತಾರು ವರ್ಷ ಬೇಕಾಯಿತು.

ಇನ್ನುಳಿದದ್ದು ಪತ್ರಿಕೆಗಳ ಪಾಲು. ಸದಸ್ಯ ಸದನದಲ್ಲಿ ಬೈದದ್ದನ್ನು ಪತ್ರಿಕೆಯವರು ಅಚ್ಚುಹಾಕಿದರೆ ಮಾನನಷ್ಟದ ದಾವೆ ಅವರ ತಲೆಗೆ ಬರಬೇಕೇ? 44ನೇ ತಿದ್ದುಪಡಿ ಇದಕ್ಕಾಗಿ 361ಎ ವಿಧಿಯನ್ನು ಸೇರಿಸಿತು: ವರದಿ ಬಹುಮಟ್ಟಿಗೆ ಸತ್ಯವಾಗಿದ್ದು ದ್ವೇಷದಿಂದ ಬರೆದದ್ದಲ್ಲವಾದರೆ ಪತ್ರಿಕೆಗೂ ರಕ್ಷಣೆ ಉಂಟು. ಆ ತಿದ್ದುಪಡಿಗೆ 1979ರ ಏಪ್ರಿಲ್ 30ರಂದು ಅಂಕಿತ ಹಾಕಿದ ರಾಷ್ಟ್ರಪತಿ ಸಂಜೀವ ರೆಡ್ಡಿಯವರೇ.