ಸಂಘದ ಗಣಕಯಂತ್ರ: ನಾವೂ ತಿಳಿಯೋಣ



1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಲೆಕ್ಕವೆಲ್ಲ ಖಾತೆ ಪುಸ್ತಕದಾಗ ಇತ್ತು. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಆ ಲೆಕ್ಕ ದೂರದ ಸರ್ವರಿನಾಗ ಕೂಡತದ. ಆದರೆ ನಮ್ಮ ಠರಾವು, ನೋಟೀಸು, ಸದಸ್ಯರ ಪಟ್ಟಿ ಇದೇ ಪೆಟ್ಟಿಗೆಯೊಳಗೆ. ಟಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ನಾವು, ಪಂಪ್‌ಸೆಟ್ ಬಿಚ್ಚಿ ಜೋಡಿಸ್ತೀವಿ. ಇದಕ್ಕ್ಯಾಕ ಅಂಜಬೇಕು?

ಟಿ.ವಿ.ಯಂಥ ಮಾನಿಟರನ್ನೇ ಕಂಪ್ಯೂಟರ್ ಅಂತ ಬಹಳ ಮಂದಿ ತಿಳಿದಾರ. ಅದು ಬರೀ ಮುಖ. ಕೀಲಿಮಣೆ, ಮೌಸು ಒಳಗೆ ಹಾಕುವ ದಾರಿ. ಪ್ರಿಂಟರ್ ಹೊರಗೆ ಬರುವ ದಾರಿ. ಲೆಕ್ಕ ಮಾಡುವ ಮಿದುಳು ಪ್ರೊಸೆಸರ್.

ಮುಖ್ಯ ಮಾತು ನೆನಪಿನದು. ರ‍್ಯಾಮ್ ಅಂದರ ಕಣ. ಕೆಲಸ ನಡೆದಾಗ ರಾಶಿ ಅಲ್ಲಿರತದ. ಹಾರ್ಡ್ ಡಿಸ್ಕ್ ಅಂದರ ಹಗೇವು. ಸೇವ್ ಮಾಡೋದು ಅಂದರ ಕಣದ ಜೋಳ ಹಗೇವಿಗೆ ತುಂಬೋದು. ತುಂಬುವ ಮೊದಲೇ ಕರೆಂಟ್ ಹೋತಂದ್ರ ರಾಶಿ ಮಳೆ ಪಾಲು. ನಮ್ಮ ಕಡೆ ಕರೆಂಟಿನ ಸಂಗತಿ ನಿಮಗೆ ಗೊತ್ತೇ ಅದ! ಅದಕ್ಕೇ ಯು.ಪಿ.ಎಸ್. ಬ್ಯಾಟರಿ, ಅದು ದುಂದುವೆಚ್ಚ ಅಲ್ಲ.

ಹಗೇವಿಗೂ ನೀರು ಇಳೀತದ, ಡಿಸ್ಕೂ ಕೆಡತದ. ಹಿಂದಿನ ಫ್ಲಾಪಿ 1.44 ಎಂ.ಬಿ. ಹಿಡೀತಿತ್ತು. ಈಗ ಹೆಬ್ಬೆರಳಷ್ಟು 16 ಜಿ.ಬಿ. ಪೆನ್ ಡ್ರೈವ್, ಹತ್ತು ಸಾವಿರ ಫ್ಲಾಪಿಗಿಂತ ಹೆಚ್ಚು ಹಿಡೀತದ. ಎಲ್ಲಾ ಕಾಗದದ ಪ್ರತಿ ಅದರಲ್ಲಿ ತೆಗೆದು ಬೇರೆ ಕಟ್ಟಡದಾಗ ಕೀಲಿ ಹಾಕಿ ಇಡಬೇಕು. ಅದೇ ಕೋಣೆಯಲ್ಲಿಟ್ಟರೆ ಬೆಂಕಿಗೆ ಎರಡೂ ಒಂದೇ.

ಸದಸ್ಯರಿಗೆ ಒಂದು ಕೆಲಸ: ಸಾಲದ ಕಂತು ತುಂಬಿದ ಮೇಲೆ ಪ್ರಿಂಟಾದ ರಸೀದಿಯ ಅಂಕಿ ಓದಿ, ಆಮೇಲೆ ಕೌಂಟರ್ ಬಿಡ್ರಿ.