ಮೂಗು ಕಟ್ಟಿದಾಗ

ಮೂಗು ಕಟ್ಟಿದವನು ‘ಮನೆ’ ಎನ್ನಹೋಗಿ ‘ಬದೆ’ ಎನ್ನುತ್ತಾನೆ. ಕೇಳಿದವರು ನಗುತ್ತಾರೆ. ವ್ಯಾಕರಣ ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಙ, ಞ, ಣ, ನ, ಮ ಎಂಬ ಐದು ಅನುನಾಸಿಕಗಳಿಗೆ ಉಸಿರು ಮೂಗಿನ ಮೂಲಕ ಹೊರಡಬೇಕು. ಆ ದಾರಿ ಮುಚ್ಚಿದರೆ ಮಕಾರವು ಬಕಾರವಾಗುತ್ತದೆ, ನಕಾರವು ದಕಾರವಾಗುತ್ತದೆ.

ಮೂಗೆಂದರೆ ಬರಿಯ ಕೊಳವೆಯಲ್ಲ. ಒಂದೊಂದು ಹೊಳ್ಳೆಯ ಒಳಗೂ ಪಕ್ಕದ ಗೋಡೆಯಿಂದ ಚಾಚಿಕೊಂಡ ಮೂರು ಸುರುಳಿ ಎಲುಬುಗಳಿವೆ. ಅವುಗಳನ್ನು ಹೊದೆದ ತೇವದ ಪೊರೆಯ ತುಂಬ ರಕ್ತನಾಳಗಳು. ಹೊರಗಿನ ಗಾಳಿ ಇವನ್ನು ಸವರಿಕೊಂಡು ಹೋಗುವಷ್ಟರಲ್ಲಿ ಬೆಚ್ಚಗಾಗಿ ತೇವಗೊಳ್ಳುತ್ತದೆ. ಧೂಳು ಸಿಂಬಳಕ್ಕೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮರೋಮಗಳು ಅದನ್ನು ಗಂಟಲಿನತ್ತ ತಳ್ಳುತ್ತವೆ. ಬಾಯಿಂದ ಉಸಿರಾಡುವವರಿಗೆ ಈ ಉಪಚಾರವಿಲ್ಲ. ಬೆಳಗ್ಗೆ ಅವರ ಗಂಟಲು ಒಣಗಿರುವುದು ಅದರಿಂದಲೇ.

ಎರಡು ಹೊಳ್ಳೆಗಳೂ ಸದಾ ಸಮನಾಗಿ ತೆರೆದಿರುವುದಿಲ್ಲ. ಕೆಲವು ಗಂಟೆ ಬಲಗಡೆ ಸಡಿಲ, ಎಡಗಡೆ ಬಿಗಿ, ಆಮೇಲೆ ಅದಲುಬದಲು. ಕೈಸರ್ ಎಂಬ ಜರ್ಮನ್ ವೈದ್ಯರು 1895ರಲ್ಲಿ ಇದನ್ನು ವರ್ಣಿಸಿದರು. ಇದು ರೋಗವಲ್ಲ. ಆದರೆ ಯಾವಾಗಲೂ ಒಂದೇ ಕಡೆ ಕಟ್ಟುತ್ತಿದ್ದರೆ ನಡುಗೋಡೆ ಸೊಟ್ಟಗಿರಬಹುದು, ಇಲ್ಲವೆ ಒಳಗೆ ಮೆದು ಗಂಟು ಬೆಳೆದಿರಬಹುದು. ಚಿಕ್ಕ ಮಗುವಿನ ಒಂದೇ ಹೊಳ್ಳೆ ಸೋರಿ ದುರ್ವಾಸನೆ ಬಂದರೆ, ಕಡಲೆಬೀಜವೋ ಮಣಿಯೋ ಸಿಕ್ಕಿಕೊಂಡಿದೆಯೆಂದು ಶಂಕಿಸಿ. ಮನೆಯಲ್ಲಿ ಕೀಳಲು ಹೋಗಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ನೆಗಡಿಯಲ್ಲಿ ಮೂಗು ಕಟ್ಟುವುದು ಸಿಂಬಳದಿಂದ ಮಾತ್ರವಲ್ಲ. ಆ ಪೊರೆಯೇ ಊದಿಕೊಳ್ಳುತ್ತದೆ. ಧೂಳು, ಹೂವಿನ ಪರಾಗ, ಸಾಕುಪ್ರಾಣಿಗಳ ಸಂಗ ಒಗ್ಗದವರಿಗೂ ಹೀಗೆಯೇ ಆಗುತ್ತದೆ. ಅಂಗಡಿಯಿಂದ ತಂದ, ಮೂಗು ಬಿಡಿಸುವ ಹನಿಮದ್ದು ಕ್ಷಣದಲ್ಲಿ ಸುಖ ಕೊಡುತ್ತದೆ, ನಿಜ. ನಾಲ್ಕೈದು ದಿನ ಮೀರಿ ಹಾಕುತ್ತ ಹೋದರೆ ಮದ್ದೇ ಮೂಗನ್ನು ಕಟ್ಟುತ್ತದೆ.

ಇನ್ನೊಂದು ಮಾತು, ತಂದೆತಾಯಿಗಳಿಗೂ ಉಪಾಧ್ಯಾಯರಿಗೂ. ತರಗತಿಯಲ್ಲಿ ಬಾಯಿ ತೆರೆದುಕೊಂಡು, ತೂಕಡಿಸುತ್ತ, ಕರೆದರೆ ಓಗೊಡದೆ ಕೂತ ಮಗುವನ್ನು ನಾವು ಬಲುಬೇಗ ‘ಮಂಕು’ ಎಂದುಬಿಡುತ್ತೇವೆ. ಮೂಗಿನ ಹಿಂಬದಿಯಲ್ಲಿ ಅಡಿನಾಯ್ಡ್ ಎಂಬ ಅಂಗಾಂಶವಿದೆ. ಅದು ಊದಿದರೆ ಉಸಿರಿನ ದಾರಿ ಮುಚ್ಚಿ ರಾತ್ರಿಯ ನಿದ್ರೆ ಕೆಡುತ್ತದೆ. ಕಿವಿಗೆ ಹೋಗುವ ನಾಳವೂ ಅಡಚಿ ಶ್ರವಣ ಮಂದವಾಗುತ್ತದೆ. ಆ ಮಗು ದಡ್ಡನಲ್ಲ. ಅದಕ್ಕೆ ಪಾಠ ಸರಿಯಾಗಿ ಕೇಳಿಸುತ್ತಿಲ್ಲ, ಅಷ್ಟೆ. ಚಿಕಿತ್ಸೆಯಿಂದ ಇದು ಸರಿಹೋಗಬಲ್ಲದು.

ಈ ರಾತ್ರಿ ಮಕ್ಕಳು ಮಲಗಿದ ಮೇಲೆ ಒಮ್ಮೆ ಹೋಗಿ ನೋಡಿ. ದಿನವೂ ಬಾಯಿ ತೆರೆದೇ ಗೊರಕೆ ಹೊಡೆಯುವ ಮಗುವಿದ್ದರೆ, ಗದರಿಸುವ ಮೊದಲು ವೈದ್ಯರಿಗೆ ತೋರಿಸಿ.