ವ್ಯಾನ್ ಗೋ ಬರೆದ ಹಳೆಯ ಜೋಡು

ಡಚ್ ಕಲಾವಿದ ವಿನ್ಸೆಂಟ್ ವ್ಯಾನ್ ಗೋ 1886ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ಒಂದು ಸಣ್ಣ ತೈಲಚಿತ್ರದಲ್ಲಿ ಇರುವುದು ಸವೆದ ಬೂಟಿನ ಒಂದು ಜೊತೆ, ಅಷ್ಟೇ. ಚಿತ್ರದ ಎತ್ತರ ಸುಮಾರು 38 ಸೆಂಟಿಮೀಟರ್, ಅಗಲ 45. ಅದು ಈಗ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಮ್ಮಿನಲ್ಲಿದೆ. ಬೂಟಿನ ದಾರ ಬಿಚ್ಚಿಕೊಂಡಿದೆ. ಒಂದರ ಮೇಲಂಚು ಸೋತು ಹೊರಕ್ಕೆ ಮಡಚಿ ಬಿದ್ದಿದೆ, ಇನ್ನೊಂದರ ದಾರ ನೆಲದ ಮೇಲೆ ಬಳ್ಳಿಯಂತೆ ಸುತ್ತಿಕೊಂಡಿದೆ. ಹಿಂದೆ ಗೋಡೆಯಿಲ್ಲ, ಕೋಣೆಯ ಗುರುತಿಲ್ಲ. ಮಣ್ಣು ಬಣ್ಣದ ಮಂದ ಬೆಳಕು ಮಾತ್ರ.

ಹೂವು, ಹಣ್ಣು, ಪಾತ್ರೆಗಳಂಥ ಅಲುಗಾಡದ ವಸ್ತುಗಳನ್ನು ಎದುರಿಗಿಟ್ಟುಕೊಂಡು ಬರೆಯುವ ಚಿತ್ರಕ್ಕೆ ಸ್ಟಿಲ್ ಲೈಫ್, ಅಂದರೆ ಸ್ಥಿರವಸ್ತು ಚಿತ್ರ ಎಂದು ಹೆಸರು. ಅಲ್ಲಿಗೆ ಹಳೆಯ ಬೂಟನ್ನು ತರುವುದು ಆಗ ಸಾಮಾನ್ಯವಾಗಿರಲಿಲ್ಲ. ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಬೂಟನ್ನು ವ್ಯಾನ್ ಗೋ ಮಳೆಯಲ್ಲಿ ಮೆಟ್ಟಿ ತಿರುಗಾಡಿ, ಕೆಸರು ಮೆತ್ತಿದ ಮೇಲೆ ಬರೆಯಲು ಕೂತ ಎಂದು ಅವನ ಸಹಪಾಠಿ ಫ್ರಾನ್ಸುವಾ ಗೋಜಿ ನೆನಪಿಸಿಕೊಂಡಿದ್ದಾನೆ.

ಈ ಚಿತ್ರ ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಡೆಯ ಕಣ್ಣಿಗೆ ಬೇಗ ಅರ್ಥವಾಗುವಂಥದು. ಈ ಚಪ್ಪಲಿಯ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಲ್ಲಿ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳಿವೆ. ಜಾಲಿ ಚಕ್ಕೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲನ್ನು ಮೊಳೆಯಿಲ್ಲದೆ ಹೊಲಿದ ಆ ಕಾಲ್ಮರಿ ಮೊದಮೊದಲು ಬಿರುಸು. ಮೆಟ್ಟುತ್ತ ಹೋದಂತೆ ಪಾದಕ್ಕೆ ಒಗ್ಗುತ್ತದೆ. ಹಿಮ್ಮಡಿ ಊರಿದ ತಗ್ಗು, ಹೆಬ್ಬೆರಳು ಒತ್ತಿದ ಕಲೆ ಅಟ್ಟೆಯ ಮೇಲೆ ಉಳಿಯುತ್ತವೆ. ವ್ಯಾನ್ ಗೋ ಬರೆದದ್ದು ಇಂಥದನ್ನೇ: ತೊಗಲು ಹಿಡಿದಿಟ್ಟುಕೊಂಡ ನಡಿಗೆಯನ್ನು.

ಆ ನಡಿಗೆ ಯಾರದು ಎಂಬುದರ ಮೇಲೆ ದೊಡ್ಡ ವಾದವೇ ನಡೆದಿದೆ. ಜರ್ಮನ್ ತತ್ತ್ವಜ್ಞಾನಿ ಹೈಡೆಗ್ಗರ್ ಇವು ಹೊಲದಲ್ಲಿ ದುಡಿಯುವ ರೈತ ಹೆಂಗಸಿನ ಜೋಡು ಎಂದ. ಇಲ್ಲ, ಪಟ್ಟಣದಲ್ಲಿದ್ದ ಕಲಾವಿದನ ಸ್ವಂತ ಬೂಟುಗಳು ಎಂದು ಅಮೆರಿಕದ ಕಲಾ ಇತಿಹಾಸಕಾರ ಮೇಯರ್ ಶಪೀರೊ 1968ರಲ್ಲಿ ಉತ್ತರ ಕೊಟ್ಟ. ಬರೆದ ಊರನ್ನೂ ಕಾಲವನ್ನೂ ನೋಡಿದರೆ ಶಪೀರೊ ಮಾತಿಗೇ ಹೆಚ್ಚು ತೂಕ.

ಚಿತ್ರ ಬರೆದ ಕಾಲವೇ ಇಲ್ಲಿ ಮುಖ್ಯ. ಹಿಂದಿನ ವರ್ಷ, 1885ರಲ್ಲಿ, ಹಾಲೆಂಡಿನ ನ್ಯೂನೆನ್ ಹಳ್ಳಿಯಲ್ಲಿ ಅವನು ‘ಆಲೂಗಡ್ಡೆ ತಿನ್ನುವವರು’ ಚಿತ್ರವನ್ನು ಕಪ್ಪು, ಕಂದು, ಮಬ್ಬು ಹಸಿರಿನಲ್ಲಿ ಬರೆದಿದ್ದ. 1886ರಲ್ಲಿ ಪ್ಯಾರಿಸ್ಸಿಗೆ ಬಂದು ತಮ್ಮ ಥಿಯೋನ ಮನೆಯಲ್ಲಿ ಉಳಿದ. ಅದೇ ವರ್ಷ ಅಲ್ಲಿ, ತಿಳಿ ಬಣ್ಣಗಳಲ್ಲಿ ಬೆಳಕನ್ನು ಹಿಡಿಯುವ ಇಂಪ್ರೆಷನಿಸ್ಟ್ ಕಲಾವಿದರ ಎಂಟನೆಯ ಮತ್ತು ಕೊನೆಯ ಪ್ರದರ್ಶನ ನಡೆಯಿತು. ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಇಡುವ ಚಿತ್ರಕಾರ ಸರಾನ ದೊಡ್ಡ ಚಿತ್ರ ಅಲ್ಲಿತ್ತು. ರೂಪದರ್ಶಿಗಳಿಗೆ ಕೊಡಲು ವ್ಯಾನ್ ಗೋ ಬಳಿ ಹಣವಿರಲಿಲ್ಲ. ಹಾಗಾಗಿ ಆ ಬೇಸಿಗೆಯಲ್ಲಿ ಹೂವುಗಳನ್ನು ಸಾಲಾಗಿ ಬರೆದು, ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ ಎಂದು ಎದುರು ಬಣ್ಣಗಳನ್ನು ಪಳಗಿಸಿಕೊಂಡ. ಕೂಲಿ ಕೇಳದ, ಅಲುಗದ ವಸ್ತುಗಳೇ ಅವನ ಪಾಠಶಾಲೆಯಾದವು.

1886ರ ಬೂಟಿನಲ್ಲಿ ಆ ಪಾಠ ಇನ್ನೂ ಅರ್ಧಕ್ಕೆ ನಿಂತಿದೆ. ಬಣ್ಣ ಹಾಲೆಂಡಿನದು, ಆದರೆ ಕುಂಚ ಬಿಡುಬೀಸಾಗಿದೆ, ನೆಲದ ಮೇಲೆ ಹಳದಿ ಬೆಳಕು ಸುಳಿದಿದೆ. ಹೊಸ ಬಣ್ಣಗಳು ಕೈಗೆ ಬಂದಿದ್ದರೂ ಈ ತೊಗಲಿಗೆ ಹಳೆಯ ಮಣ್ಣು ಬಣ್ಣವೇ ಸರಿಯೆಂದು ಅವನಿಗೆ ಅನಿಸಿದ್ದರೆ ಅದು ಸರಿಯಾದ ತೀರ್ಮಾನ. ಚಿತ್ರದ ಬಲ ಅಲ್ಲೇ ಇದೆ.

1887ರಲ್ಲಿ ಅವನು ಮತ್ತೊಂದು ಜೊತೆ ಬರೆದ. ಅದು ಅಮೆರಿಕದ ಬಾಲ್ಟಿಮೋರ್ ಕಲಾ ಸಂಗ್ರಹಾಲಯದಲ್ಲಿದೆ. ಅಲ್ಲಿ ಒಂದು ಬೂಟು ಮಗುಚಿ ಬಿದ್ದು ಅಟ್ಟೆಯ ಮೊಳೆಗಳು ಕಾಣುತ್ತವೆ. ನೆಲ ಪೂರಾ ನೀಲಿ, ಅದರೆದುರು ತೊಗಲು ಕಿತ್ತಳೆಗೆ ತಿರುಗಿದೆ. 1888ರ ಫೆಬ್ರವರಿಯಲ್ಲಿ ಅವನು ಪ್ಯಾರಿಸ್ ಬಿಟ್ಟು ದಕ್ಷಿಣದ ಆರ್ಲ್ ಊರಿಗೆ ಹೋದ. ಆ ವರ್ಷ ಅಲ್ಲಿ ಬರೆದ ಜೋಡು ಕೆಂಪು ಹೆಂಚು ಹಾಸಿದ ನೆಲದ ಮೇಲಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಅದನ್ನು ನೋಡಬಹುದು. ಅದರಲ್ಲಿ ಮಬ್ಬು ಹರಿದಿದೆ, ಗೆರೆ ಗಟ್ಟಿಯಾಗಿದೆ, ಬೂಟುಗಳು ಮನೆಯೊಂದರ ನೆಲದ ಮೇಲೆ ನೆಲೆಯೂರಿವೆ.